ಒಸಾಕಾದ ಮರದ ಉಂಗುರ ಬಿಚ್ಚುವ ಹೊತ್ತು: ಮೊಳೆಯಿಲ್ಲದ ಕಟ್ಟಡ ನಿಜಕ್ಕೂ ಪರಿಸರಕ್ಕೆ ಒಳ್ಳೆಯದಾ?

2025ರ ಏಪ್ರಿಲ್ 13ರಿಂದ ಅಕ್ಟೋಬರ್ 13ರ ತನಕ ಜಪಾನಿನ ಒಸಾಕಾದಲ್ಲಿ ವಿಶ್ವ ಎಕ್ಸ್‌ಪೋ ನಡೆಯಿತು. ಎರಡೂವರೆ ಕೋಟಿಗೂ ಹೆಚ್ಚು ಜನ ನೋಡಿಹೋದರು. ಅಲ್ಲಿಂದ ಬಂದ ಫೋಟೋಗಳಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಮೈದಾನವನ್ನು ಬಳಸಿ ನಿಂತಿದ್ದ ಮರದ ಉಂಗುರ, ಅಂದರೆ ಗ್ರ್ಯಾಂಡ್ ರಿಂಗ್. ಸುತ್ತಳತೆ ಸುಮಾರು 2 ಕಿಲೋಮೀಟರ್. ಮೇಲೆ ಹತ್ತಿ ನಡೆಯಬಹುದಿತ್ತು, ಕೆಳಗೆ ನೆರಳಿನಲ್ಲೂ ನಡೆಯಬಹುದಿತ್ತು. 61,035.55 ಚದರ ಮೀಟರ್ ವಿಸ್ತಾರದ ಇದನ್ನು ಜಗತ್ತಿನ ಅತಿ ದೊಡ್ಡ ಮರದ ಕಟ್ಟಡ ಅಂತ ಗಿನ್ನೆಸ್ ದಾಖಲಿಸಿತು. ದೇವಾಲಯ ಕಟ್ಟುತ್ತಿದ್ದ ಹಳೇ ಪದ್ಧತಿ, ಪರಿಸರಕ್ಕೆ ಹಿತವಾದ ಮರ, ಹೊಸ ಕಾಲದ ವಿನ್ಯಾಸ. ಪ್ರಚಾರವೆಲ್ಲ ಈ ಮೂರರ ಸುತ್ತಲೇ ಇತ್ತು.

ಆಮೇಲೆ ಬಂದ ಸುದ್ದಿ ಹಲವರನ್ನು ಗೊಂದಲಕ್ಕೆ ಕೆಡವಿತು. ಉಂಗುರವನ್ನು ಬಿಚ್ಚುತ್ತಾರೆ, ಸುಮಾರು 200 ಮೀಟರ್ ಉದ್ದದ ತುಂಡು ಮಾತ್ರ ಉಳಿಯುತ್ತದೆ. ಆರು ತಿಂಗಳ ಕೆಲಸಕ್ಕೆ ಅಷ್ಟು ಮರ ಕಡಿದದ್ದು ಪರಿಸರ ಕಾಳಜಿಯಾ? ಮೊಳೆಯಿಲ್ಲದ ಜೋಡಣೆ ಅಂದರು, ಸಂದುಗಳಲ್ಲಿ ಲೋಹ ಇತ್ತಲ್ಲ? ಜಪಾನಿನ ಮರ ಅಂದರು, ಯುರೋಪಿನ ಮರವೂ ಸೇರಿತ್ತಲ್ಲ? ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಇವುಗಳಲ್ಲಿ ಒಂದು ಬಹಳ ಮುಖ್ಯ, ಉಳಿದವು ಅಷ್ಟಲ್ಲ. ಅದು ಯಾವುದು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಂಗುರದಲ್ಲಿ ಏನಿತ್ತು

ಇದರ ವಿನ್ಯಾಸ ವಾಸ್ತುಶಿಲ್ಪಿ ಸೊ ಫುಜಿಮೊಟೊ ಅವರದು. ಒಬಾಯಾಶಿ, ಟಾಕೆನಾಕಾ, ಶಿಮಿಜು ಎಂಬ ಮೂರು ದೊಡ್ಡ ಕಂಪನಿಗಳ ಮುಂದಾಳ್ತನದಲ್ಲಿ ಮೂರು ತಂಡಗಳು ಭಾಗ ಹಂಚಿಕೊಂಡು ಕಟ್ಟಿದವು. ವೆಚ್ಚ ಸುಮಾರು 3,440 ಕೋಟಿ ಯೆನ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 2,000 ಕೋಟಿ ರೂಪಾಯಿ. ಕಟ್ಟುತ್ತಿರುವಾಗಲೇ ವಿರೋಧ ಪಕ್ಷದವರು ಇದನ್ನು ಜಗತ್ತಿನ ಅತಿ ದುಬಾರಿ ಕೊಡೆ ಅಂತ ಆಡಿಕೊಂಡಿದ್ದರು.

ಮರ ಸುಮಾರು 27,000 ಘನ ಮೀಟರ್ ಬೇಕಾಯಿತು. ಅದರಲ್ಲಿ ಸುಮಾರು ಶೇ 70 ಜಪಾನಿನ ಸುಗಿ ಮತ್ತು ಹಿನೊಕಿ ಎಂಬ ಸೂಚಿಪರ್ಣಿ ಮರಗಳು, ಉಳಿದದ್ದು ಯುರೋಪಿನ ಪೈನ್. ಕಂಬಗಳು 42 ಸೆಂಟಿಮೀಟರ್ ಚೌಕದವು. ಒಂದೇ ಮರದಿಂದ ಕೊಯ್ದ ದಿಮ್ಮಿಗಳಲ್ಲ, ಹಲಗೆಗಳಿಗೆ ಅಂಟು ಹಾಕಿ ಒತ್ತಿ ಮಾಡಿದ ಗ್ಲೂಲ್ಯಾಮ್. ಹೀಗೆ ಮಾಡಿದರೆ ಸಣ್ಣ ಮರಗಳಿಂದಲೂ ದಪ್ಪ ಕಂಬ ಸಿಗುತ್ತದೆ, ಬಲವೂ ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಕಂಬಕ್ಕೂ ತೊಲೆಗೂ ನಡುವಿನ ಸಂಬಂಧ ಮಾತ್ರ ಹಳೆಯದು. ಅದರ ಹೆಸರು ನುಕಿ. ಕಂಬದಲ್ಲಿ ಆರಪಾರ ತೂತು ಕೊರೆದು, ಅಡ್ಡತೊಲೆಯನ್ನು ಅದರೊಳಗೆ ತೂರಿಸಿ, ಸಂದಿಗೆ ಬೆಣೆ ಬಡಿದು ಬಿಗಿ ಮಾಡುವುದು. ಇದರ ಬೇರು ಚೀನಾದ ಸೋಂಗ್ ರಾಜವಂಶದ ಕಾಲದ ಕಟ್ಟಡಗಳಲ್ಲಿದೆ. 1180ರಲ್ಲಿ ನಾರಾದ ತೊದಾಯ್‌ಜಿ ದೇವಾಲಯ ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿಸುವ ಹೊಣೆ ಹೊತ್ತ ಭಿಕ್ಷು ಚೋಗೆನ್, ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. 1199ರ ದಕ್ಷಿಣ ಮಹಾದ್ವಾರ ಇಂದಿಗೂ ನಿಂತಿದೆ. ಕ್ಯೋಟೋದ ಕಿಯೊಮಿಜು ದೇವಾಲಯದಲ್ಲಿ ಬೆಟ್ಟದ ಇಳಿಜಾರಿನಿಂದ ಹೊರಚಾಚಿ ನಿಂತ ಮರದ ಜಗಲಿಯೂ ಇದೇ ಜಾತಿಯದು. 1633ರಲ್ಲಿ ಮರುಕಟ್ಟಿದ್ದು, ಎತ್ತರ ಸುಮಾರು 13 ಮೀಟರ್.

ಉಂಗುರದಲ್ಲಿ ಹಳೇ ನುಕಿಗೆ ಲೋಹದ ಬಲ ಕೊಟ್ಟದ್ದು ನಿಜ. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಸಾಂಪ್ರದಾಯಿಕ ನುಕಿ ಮತ್ತು ಆಧುನಿಕ ವಿಧಾನ ಎರಡೂ ಸೇರಿದ್ದು ಅಂತಲೇ ಆಯೋಜಕರು ಹೇಳಿದ್ದರು. ಪ್ರಚಾರದ ಭರಾಟೆಯಲ್ಲಿ ‘ಒಂದೂ ಮೊಳೆ ಇಲ್ಲ’ ಅನ್ನುವ ಮಾತೇ ಜಾಸ್ತಿ ಓಡಾಡಿತು, ಅಷ್ಟೇ.

ಒಂದು ಸಂದಿನ ಒಳಗೆ

ಮೊಳೆ, ಬೋಲ್ಟು ಬಿಟ್ಟು ಮರಕ್ಕೆ ಮರವನ್ನೇ ಕಚ್ಚಿಸುವುದರಿಂದ ಏನು ಲಾಭ?

ಮರ ಜೀವ ಹೋದ ಮೇಲೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉಕ್ಕು ಹಾಗೆ ಮಾಡುವುದಿಲ್ಲ. ಹಾಗಾಗಿ ವರ್ಷಗಳು ಕಳೆದಂತೆ ಬೋಲ್ಟಿನ ಸುತ್ತ ಮರ ಕುಗ್ಗಿ ಸಡಿಲವಾಗುತ್ತದೆ. ಚಳಿಯಲ್ಲಿ ಉಕ್ಕಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿ ಮರದೊಳಗೆ ಇಳಿದು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಬೆಂಕಿ ಬಿದ್ದಾಗ ದಪ್ಪ ಮರದ ಮೇಲ್ಮೈ ಕರಿಕಾಗಿ ಒಳಗಿನ ಭಾಗವನ್ನು ಕೆಲಕಾಲ ಕಾಯುತ್ತದೆ. ಹೊರಗೆ ಕಾಣುವ ಲೋಹವಾದರೋ ಬಿಸಿಯನ್ನು ಸೀದಾ ಒಳಕ್ಕೆ ಸಾಗಿಸುತ್ತದೆ. ಬೆಣೆಯ ಸಂದಿಗೆ ಈ ತೊಂದರೆಗಳು ಕಡಿಮೆ. ಸಡಿಲವಾದರೆ ಸುತ್ತಿಗೆ ತಂದು ಬೆಣೆಯನ್ನು ಮತ್ತೆ ಬಡಿದರೆ ಆಯಿತು.

ಭೂಕಂಪದಲ್ಲಿ ಇದರ ನಡವಳಿಕೆ ಇನ್ನೂ ಕುತೂಹಲದ್ದು. ಕಂಬ ವಾಲಿದಾಗ ಅಡ್ಡತೊಲೆ ತೂತಿನೊಳಗೆ ತುಸು ತಿರುಗುತ್ತದೆ. ತೊಲೆಯ ಅಂಚು ಕಂಬದ ಅಂಚಿಗೆ ಒತ್ತಿ, ಆ ಜಾಗದಲ್ಲಿ ಮರ ಸ್ವಲ್ಪ ಜಜ್ಜಿ ತಗ್ಗಾಗುತ್ತದೆ. ಹಾಗೆ ಜಜ್ಜುವುದರಲ್ಲೂ ತಿಕ್ಕಾಟದಲ್ಲೂ ಕಂಪನದ ಶಕ್ತಿ ಖರ್ಚಾಗುತ್ತದೆ. ಸಂದು ಫಟ್ಟನೆ ಮುರಿಯುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ: ಮೊದಮೊದಲು ಸಂದು ಮೆದುವಾಗಿರುವುದರಿಂದ ಕಟ್ಟಡ ಜಾಸ್ತಿ ಓಲಾಡುತ್ತದೆ. ಓಲಾಡಿದರೂ ಬೀಳದಿದ್ದರೆ ಸಾಕು ಅನ್ನುವುದು ಹಳೆಯವರ ಲೆಕ್ಕ. ಓಲಾಡಲೇಬಾರದು ಅನ್ನುವುದು ಇಂದಿನ ಕಾನೂನಿನ ಲೆಕ್ಕ. ಈ ಜಗಳಕ್ಕೆ ಮುಂದೆ ಬರೋಣ.

ನನ್ನ ಪ್ರಕಾರ ಇದೆಲ್ಲಕ್ಕಿಂತ ದೊಡ್ಡ ಲಾಭ ರಿಪೇರಿಯದು. ಒಸಾಕಾ ಕೋಟೆಯ ಮುಖ್ಯ ದ್ವಾರ ಒತೆಮೊನ್‌ನಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಅಲ್ಲಿ ಒಂದು ಆಸರೆ ಕಂಬದ ಬುಡ ಕೊಳೆತಾಗ ಬಡಗಿಗಳು ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಹೊಸ ತುಂಡನ್ನು ಕೆಳಗೆ ಕಚ್ಚಿಸಿದರು. ಮೇಲಿನ ಹಳೇ ಮರ ಹಾಗೇ ಉಳಿಯಿತು. ಎದುರುಬದುರಿನ ಎರಡು ಮುಖಗಳಲ್ಲಿ ಸಂದಿನ ಗೆರೆ ಹಕ್ಕಿಯ ಬಾಲದಂತೆ ಅಗಲವಾಗಿ ಕಾಣುತ್ತದೆ, ಉಳಿದೆರಡರಲ್ಲಿ ಬೆಟ್ಟದ ತುದಿಯಂತೆ ಚೂಪಾಗಿ. ಎರಡನ್ನೂ ಒಟ್ಟಿಗೆ ನೋಡಿದರೆ ಈ ತುಂಡನ್ನು ಕೆಳಗಿನಿಂದಲೂ ತೂರಿಸಲಾಗದು, ಪಕ್ಕದಿಂದಲೂ ಆಗದು ಅನ್ನಿಸುತ್ತದೆ. 1983ರಲ್ಲಿ ಎಕ್ಸ್-ರೇ ತೆಗೆದ ಮೇಲೇ ಗುಟ್ಟು ರಟ್ಟಾದದ್ದು. ಒಳಗಿನ ಕಚ್ಚು ಓರೆಯಾಗಿದೆ, ತುಂಡನ್ನು ಓರೆಯಲ್ಲಿ ಮೇಲಕ್ಕೆ ಜಾರಿಸಿ ಕೂರಿಸಿದ್ದಾರೆ. ಜಾಣತನ ಒತ್ತಟ್ಟಿಗಿರಲಿ, ಪರಿಣಾಮ ನೋಡಿ. ಇಡೀ ಕಂಬ ಬದಲಿಸುವ ಬದಲು ಬುಡವೊಂದನ್ನು ಬದಲಿಸಿದರು. ನಾರಾ ಹತ್ತಿರದ ಹೊರ್ಯೂಜಿಯ ಕಟ್ಟಡಗಳು 1,300 ವರ್ಷ ದಾಟಿ ಬಂದದ್ದೂ ಹೀಗೆ ಕಾಲಕಾಲಕ್ಕೆ ಬಿಚ್ಚಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಜೋಡಿಸಿದ್ದರಿಂದ. ಈ ಕೌಶಲಗಳನ್ನು ಯುನೆಸ್ಕೊ 2020ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಬಿಚ್ಚಿ ಜೋಡಿಸುವ ಗುಣ ನಮಗೂ ಹೊಸದಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿರುವ ಹಳೇ ಮನೆಗಳನ್ನು ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಆರ್‌ಸಿಸಿ ಮನೆಯನ್ನು ಹಾಗೆ ಸಾಗಿಸಲು ಆಗುತ್ತಾ?

ಕಾನೂನು ಲೋಹ ಕೇಳುವುದು ಯಾಕೆ

ಇಷ್ಟು ಒಳ್ಳೆಯದಾದರೆ ಜಪಾನಿನ ಮನೆಗಳೆಲ್ಲ ಹೀಗೇ ಇರಬೇಕಿತ್ತಲ್ವಾ? ಇಲ್ಲ. ಅದಕ್ಕೆ ಕಾರಣ ಬೆಂಕಿ, ಬಿರುಗಾಳಿ ಮತ್ತು ಭೂಕಂಪದ ಕಹಿ ನೆನಪು.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮರದ ನಗರಗಳು ಬಾಂಬಿಗೆ ಸುಟ್ಟು ಬೂದಿಯಾದವು. 1950ರ ಕಟ್ಟಡ ಕಾಯ್ದೆ ದೊಡ್ಡ ಮರದ ಕಟ್ಟಡಗಳಿಗೆ ಎತ್ತರ ಮತ್ತು ವಿಸ್ತಾರದ ಮಿತಿ ಹಾಕಿತು. 1959ರಲ್ಲಿ ಇಸೆ ಕೊಲ್ಲಿಗೆ ಅಪ್ಪಳಿಸಿದ ತೂಫಾನು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, ವಾಸ್ತುಶಿಲ್ಪಿಗಳ ಮತ್ತು ಎಂಜಿನಿಯರುಗಳ ಸಂಸ್ಥೆಯೇ ವಿಪತ್ತು ತಡೆಯುವ ನಿರ್ಣಯದಲ್ಲಿ ಮರದ ಕಟ್ಟಡ ನಿಷೇಧದ ಮಾತೆತ್ತಿತು. ಮುಂದಿನ ಕೆಲವು ದಶಕ ಕಾಲೇಜುಗಳಲ್ಲಿ ಮರದ ಕಟ್ಟಡಶಾಸ್ತ್ರ ಮೂಲೆಗೆ ಬಿತ್ತು.

1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸಾವು ಹಳೇ ಮರದ ಮನೆಗಳು ಕುಸಿದು ಆದದ್ದು. ಭಾರದ ಹೆಂಚು, ಗೋಡೆ ಕಡಿಮೆ, ಕಂಬದ ಬುಡ ಗೆದ್ದಲು ತಿಂದದ್ದು. ಬಿದ್ದ ಮನೆಗಳಲ್ಲಿ ಯುದ್ಧದ ನಂತರ ಅವಸರದಲ್ಲಿ ಎಬ್ಬಿಸಿದವು ಬಹಳ ಇದ್ದವು. ಆದರೂ ಕೆಟ್ಟ ಹೆಸರು ಬಂದದ್ದು ಒಟ್ಟಾರೆ ಮರದ ಮನೆಗೆ. 2000ನೇ ಇಸವಿಯ ತಿದ್ದುಪಡಿ ಯಾವ ಸಂದಿಗೆ ಯಾವ ಲೋಹದ ಪಟ್ಟಿ ಅಂತ ನಿಗದಿ ಮಾಡಿತು. ಲೋಹವಿಲ್ಲದೆ ಹಳೇ ಪದ್ಧತಿಯಲ್ಲಿ ಕಟ್ಟಬಾರದು ಅಂತೇನಿಲ್ಲ. ಆದರೆ ಅದಕ್ಕೆ ಬೇರೆಯದೇ ಕಠಿಣ ಲೆಕ್ಕ ಮಾಡಿ ತೋರಿಸಬೇಕು. ಎಂಜಿನಿಯರಿಗೆ ಸಮಯ ಬೇಕು, ಮನೆ ಕಟ್ಟಿಸುವವರಿಗೆ ದುಡ್ಡು ಬೇಕು.

2025ರ ಏಪ್ರಿಲ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಮೊದಲು ಎರಡು ಅಂತಸ್ತಿನ ಸಾಮಾನ್ಯ ಮರದ ಮನೆಗೆ ಬಲದ ವಿವರವಾದ ತಪಾಸಣೆಯಿಂದ ವಿನಾಯಿತಿ ಇತ್ತು. ಈಗ ಅದು ಬಹುಮಟ್ಟಿಗೆ ಹೋಗಿದೆ. ಜತೆಗೆ ಹೊಸ ಮನೆಗಳೆಲ್ಲ ಶಕ್ತಿ ಉಳಿತಾಯದ ಮಾನದಂಡ ಮುಟ್ಟಬೇಕು. ಮಣ್ಣಿನ ಗೋಡೆ, ಗಾಳಿ ಆಡುವ ಹಳೇ ಶೈಲಿಯ ಮನೆ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಪರಿಸರಕ್ಕಾಗಿ ಮಾಡಿದ ನಿಯಮವೇ ಪರಿಸರಕ್ಕೆ ಹತ್ತಿರವಾದ ಮನೆಗೆ ಅಡ್ಡ ಬರುತ್ತದೆ ಅಂತ ಹಳೇ ಪದ್ಧತಿಯ ಬಡಗಿಗಳು ಗೊಣಗುವುದಕ್ಕೆ ಅರ್ಥವಿದೆ. ಸ್ಥಳೀಯ ಹವಾಮಾನಕ್ಕೆ ತಕ್ಕ ಮನೆಗಳಿಗೆ ಒಂದಿಷ್ಟು ರಿಯಾಯಿತಿ ಇದೆ, ಆದರೆ ಕಾಗದಪತ್ರದ ಕೆಲಸ ತಪ್ಪಿದ್ದಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಉಂಗುರದ ಸಂದಿನಲ್ಲಿ ಉಕ್ಕು ಸೇರಿದ್ದು ಮೋಸವಲ್ಲ. ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ಓಡಾಡುವ ಜಾಗ, ಅದೂ ಸಮುದ್ರ ತುಂಬಿ ಮಾಡಿದ ಯುಮೆಶಿಮಾ ದ್ವೀಪ. ಬೆಣೆಯೊಂದನ್ನೇ ನಂಬಿ ಸಹಿ ಹಾಕುವ ಎಂಜಿನಿಯರ್ ಸಿಗುವುದು ಕಷ್ಟ.

ಕಾಡಿನ ಕಡೆಯ ಕಥೆ

ಜಪಾನ್ ಈಗ ಮರದ ಕಡೆ ತಿರುಗಿದ್ದಕ್ಕೆ ಸಂಪ್ರದಾಯದ ಪ್ರೀತಿಗಿಂತ ದೊಡ್ಡ ಕಾರಣ ಅದರ ಕಾಡಿನಲ್ಲಿದೆ. ದೇಶದ ಮೂರನೇ ಎರಡು ಭಾಗ ಕಾಡು. ಅದರಲ್ಲಿ ಸುಮಾರು ಶೇ 40 ಮನುಷ್ಯರೇ ನೆಟ್ಟದ್ದು, ಹೆಚ್ಚಿನದು ಸುಗಿ ಮತ್ತು ಹಿನೊಕಿ. ಯುದ್ಧದಲ್ಲಿ ಬೋಳಾದ ಗುಡ್ಡಗಳಲ್ಲಿ 1950, 60ರ ದಶಕಗಳಲ್ಲಿ ಇವನ್ನು ನೆಟ್ಟರು. ಅವು ಬೆಳೆದು ಕೊಯ್ಲಿಗೆ ಬರುವ ಮೊದಲೇ, 1964ರಲ್ಲಿ ಮರದ ಆಮದಿಗೆ ಬಾಗಿಲು ತೆರೆಯಿತು. ಹೊರಗಿನ ಮರ ಅಗ್ಗವಾಯಿತು, ಊರಿನ ಮರ ಕೇಳುವವರಿಲ್ಲದಾಯಿತು. 2000ದ ಹೊತ್ತಿಗೆ ದೇಶಕ್ಕೆ ಬೇಕಾದ ಮರದಲ್ಲಿ ಶೇ 20 ಕೂಡ ಒಳಗಿನದಾಗಿರಲಿಲ್ಲ.

ಕಡಿಯದೆ ಬಿಟ್ಟ ತೋಪಿನಲ್ಲಿ ಮರಗಳು ಒತ್ತೊತ್ತಾಗಿ ಬೆಳೆದು ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಕೆಳಗೆ ಗಿಡಗಂಟಿ ಇರುವುದಿಲ್ಲ, ಮಳೆಗೆ ಮಣ್ಣು ಜಾರುತ್ತದೆ. ಜತೆಗೆ ಸುಗಿಯ ಪರಾಗ. ಪ್ರತಿ ವಸಂತದಲ್ಲಿ ಜನಸಂಖ್ಯೆಯ ಸುಮಾರು ಶೇ 40 ಮಂದಿ ಸೀನುತ್ತಾ ಕಣ್ಣುಜ್ಜಿಕೊಳ್ಳುತ್ತಾರೆ. ಇದು ಎಷ್ಟು ದೊಡ್ಡ ತಲೆನೋವು ಅಂದರೆ, ಸುಗಿ ತೋಪುಗಳನ್ನು 10 ವರ್ಷದಲ್ಲಿ ಶೇ 20ರಷ್ಟು ಕಡಿಮೆ ಮಾಡುತ್ತೇವೆ ಅಂತ 2023ರಲ್ಲಿ ಸರ್ಕಾರವೇ ಗುರಿ ಹಾಕಿಕೊಂಡಿತು.

ಕಡಿದ ಮರ ಎಲ್ಲಾದರೂ ಬಳಕೆಯಾಗಬೇಕಲ್ಲ. ಸರ್ಕಾರಿ ಕಟ್ಟಡಗಳಿಗೆ ಮರ ಬಳಸಬೇಕು ಅನ್ನುವ ಕಾನೂನು 2010ರಲ್ಲೇ ಬಂದಿತ್ತು. 2021ರಲ್ಲಿ ಅದನ್ನು ಖಾಸಗಿ ಕಟ್ಟಡಗಳಿಗೂ ಹಿಗ್ಗಿಸಿದರು. ಈಗ ದೇಶೀ ಮರದ ಪಾಲು ಮತ್ತೆ ಶೇ 40 ದಾಟಿದೆ. ಉಂಗುರ ಈ ನೀತಿಯ ಜಾಹೀರಾತೂ ಹೌದು. ಆ ಕಾರಣಕ್ಕೇ ಯುರೋಪಿನ ಪೈನ್ ಸೇರಿದ್ದು ಅಷ್ಟು ಜನರಿಗೆ ಚುಚ್ಚಿತು.

ಪರ ಮತ್ತು ವಿರೋಧ

ಮರದ ಪರ ವಾದ ಸರಳ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 8 ಸಿಮೆಂಟಿನದು. ಮರ ಬೆಳೆಯುವಾಗ ಅದೇ ಅನಿಲವನ್ನು ಹೀರುತ್ತದೆ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಘನ ಮೀಟರ್ ಸುಗಿಯಲ್ಲಿ ಅರ್ಧ ಟನ್‌ಗಿಂತ ಜಾಸ್ತಿ ಡೈಆಕ್ಸೈಡ್‌ಗೆ ಸಮನಾದ ಇಂಗಾಲ ಕೂತಿರುತ್ತದೆ. ಹಾಗೆ ನೋಡಿದರೆ ಉಂಗುರದಲ್ಲಿದ್ದದ್ದು 15,000 ಟನ್ ಮೀರುತ್ತದೆ.

ಪ್ರತಿವಾದ ಇಲ್ಲೇ ಶುರುವಾಗುವುದು. ಈ ಇಂಗಾಲ ಮರದಲ್ಲಿರುವುದು ಮರ ಇರುವ ತನಕ. ಬಿಚ್ಚಿದ ತೊಲೆಯನ್ನು ಪುಡಿ ಮಾಡಿ ಬಾಯ್ಲರಿಗೆ ಹಾಕಿದ ದಿನ ಅದೆಲ್ಲ ಗಾಳಿಗೆ ವಾಪಸು. ಕಡಿದ ಜಾಗದಲ್ಲಿ ನೆಟ್ಟ ಸಸಿ ಅಷ್ಟನ್ನು ಮತ್ತೆ ಹೀರಲು 50 ವರ್ಷ ಬೇಕು. ಕಟ್ಟಡ ಆರು ತಿಂಗಳಿಗೆ ಮುಗಿದರೆ ಲೆಕ್ಕ ತಾಳೆಯಾಗುವುದೇ ಇಲ್ಲ.

ಜೋಡಣೆಯ ಬಗ್ಗೆಯೂ ತಕರಾರಿದೆ, ಅದನ್ನು ಅಭಿಮಾನಿಗಳು ಹೇಳುವುದು ಕಡಿಮೆ. ಕಂಬದಲ್ಲಿ ತೂತು ಕೊರೆದರೆ ಆ ಜಾಗದಲ್ಲಿ ಕಂಬ ಸೊರಗುತ್ತದೆ. ಅದನ್ನು ಸರಿದೂಗಿಸಲು ಇಡೀ ಕಂಬವನ್ನೇ ದಪ್ಪ ಮಾಡಬೇಕು, ಅಂದರೆ ಮರ ಜಾಸ್ತಿ. ಉಕ್ಕಿನ ಪಟ್ಟಿ ಹಾಕಿದರೆ ತೆಳು ಕಂಬ ಸಾಕಾಗಬಹುದು. ಹಾಗಾಗಿ ಲೋಹವಿಲ್ಲ ಅಂದ ಮಾತ್ರಕ್ಕೆ ಕಟ್ಟಡ ಹಸಿರಾಗುವುದಿಲ್ಲ.

ಇನ್ನೊಂದು, ಮಳೆ. ಹಳೇ ದೇವಾಲಯಗಳ ಸೂರು ಮೀಟರುಗಟ್ಟಲೆ ಹೊರಚಾಚಿರುವುದು ಚೆಂದಕ್ಕಲ್ಲ, ಸಂದಿಗೆ ನೀರು ಬೀಳದಿರಲಿ ಅಂತ. ಇಂದಿನ ಕೆಲವು ವಾಸ್ತುಶಿಲ್ಪಿಗಳು ಮರವನ್ನು ತೋರಿಸುವ ಆಸೆಗೆ ಅದನ್ನು ಬಯಲಿನಲ್ಲೇ ಬಿಡುತ್ತಾರೆ. ಕೆಂಗೊ ಕುಮಾ ಅವರು ತೊಚಿಗಿ ಪ್ರಾಂತ್ಯದಲ್ಲಿ ಮಾಡಿದ ಹಿರೋಶಿಗೆ ಮ್ಯೂಸಿಯಂ 2000ದಲ್ಲಿ ತೆರೆಯಿತು. ಅದರ ಹೊರಮೈಯ ಸುಗಿ ಪಟ್ಟಿಗಳು ಹಾಳಾಗಿ, ದುಬಾರಿ ರಿಪೇರಿ ಬೇಕಾಗಿದೆ ಅಂತ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಕುಮಾ ಅವರ ಇನ್ನೊಂದು ಕೆಲಸ ಐಚಿ ಪ್ರಾಂತ್ಯದ ಕಾಸುಗಾಯಿಯಲ್ಲಿದೆ. ತಾಕಾಯಾಮಾದ ಮಕ್ಕಳ ಆಟಿಕೆಯ ಕಚ್ಚನ್ನೇ ದೊಡ್ಡದು ಮಾಡಿ, 6 ಸೆಂಟಿಮೀಟರ್ ಚೌಕದ ಕಡ್ಡಿಗಳನ್ನು ಹೆಣೆದು 2010ರಲ್ಲಿ ಮುಗಿಸಿದ ಮ್ಯೂಸಿಯಂ ಅದು. ಶಿಗೆರು ಬಾನ್ ಅವರು 2013ರಲ್ಲಿ ಜ್ಯೂರಿಕ್‌ನಲ್ಲಿ ಮುಗಿಸಿದ ಏಳಂತಸ್ತಿನ ಟಾಮೇಡಿಯಾ ಕಚೇರಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮರದ ಚೌಕಟ್ಟಿನ ಸಂದುಗಳಿಗೆ ಉಕ್ಕಿಲ್ಲ, ಬೀಚ್ ಮರದ ಗೂಟಗಳೇ ಆಧಾರ. ಚೌಕಟ್ಟು ಗಾಜಿನ ಒಳಗಿದೆ, ಮಳೆ ತಾಗುವುದಿಲ್ಲ.

ಯಂತ್ರ ಕೊರೆಯುವ ಸಂದು

1980ರಲ್ಲಿ ಜಪಾನಿನಲ್ಲಿ 9 ಲಕ್ಷಕ್ಕೂ ಹೆಚ್ಚು ಬಡಗಿಗಳಿದ್ದರು. 2020ರಲ್ಲಿ 3 ಲಕ್ಷಕ್ಕಿಂತ ಕಡಿಮೆ, ಅವರಲ್ಲೂ ವಯಸ್ಸಾದವರೇ ಬಹಳ. ಇಂದು ಕಂಬ-ತೊಲೆಯ ಮನೆಗಳಲ್ಲಿ ಶೇ 90ಕ್ಕೂ ಹೆಚ್ಚಿನವಕ್ಕೆ ಕಾರ್ಖಾನೆಯ ಯಂತ್ರವೇ ಕಚ್ಚು ಕೊರೆದು ಕಳಿಸುತ್ತದೆ. ಉಳಿ ಹಿಡಿದು ಗೆರೆ ಎಳೆಯುವವರಿಗೆ ಇದು ಬೇಸರದ ಸಂಗತಿ. ಆದರೆ ಇಂದು ದೊಡ್ಡ ಕಟ್ಟಡಕ್ಕೆ ಮರದ ಸಂದು ಬಳಸಲು ಸಾಧ್ಯವಾಗಿರುವುದೇ ಈ ಯಂತ್ರದಿಂದ. ಉಂಗುರದಂಥದ್ದನ್ನು ಕೈಯಲ್ಲಿ ಕೊರೆಯುವುದು ಆಗದ ಮಾತು. ಕೈಗೆಲಸ ಉಳಿಯುವುದು ರಿಪೇರಿಯಲ್ಲಿ. ಪ್ರತಿ ಕಂಬ ಬೇರೆ ರೀತಿ ಕೊಳೆತಿರುವಾಗ ಒಂದೇ ಅಳತೆ ಬಲ್ಲ ಯಂತ್ರ ಏನು ಮಾಡೀತು?

ಮರುಬಳಕೆಯ ಇಸೆ ಮಾದರಿ

ಕಟ್ಟಡ ಬಿಚ್ಚುವುದು ಜಪಾನಿನಲ್ಲಿ ಅಪಚಾರವಲ್ಲ. ಇಸೆಯ ಮಹಾಮಂದಿರವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ 62ನೇ ಸಲ ಆಯಿತು, ಮುಂದಿನದು 2033ಕ್ಕೆ. ಅದರ ಮೊದಲ ವಿಧಿಗಳು 2025ರಲ್ಲೇ ಶುರುವಾಗಿವೆ.

ಬಿಚ್ಚಿದ ಮರ ಎಲ್ಲಿ ಹೋಗುತ್ತದೆ ಅನ್ನುವುದರಲ್ಲಿ ಪಾಠವಿದೆ. ಗರ್ಭಗುಡಿಯ ಮಾಡಿನ ತೊಲೆ ಹೊತ್ತ ದೊಡ್ಡ ಕಂಬಗಳು ಮಂದಿರಕ್ಕೆ ಹೋಗುವ ಉಜಿ ಸೇತುವೆಯ ಎರಡೂ ತುದಿಯಲ್ಲಿ ‘ತೋರಿ’ ಎಂಬ ಪವಿತ್ರ ದ್ವಾರಗಳಾಗುತ್ತವೆ. ಅಲ್ಲಿ 20 ವರ್ಷ ನಿಂತ ಮೇಲೆ ಹಳೇ ಯಾತ್ರಾಮಾರ್ಗದ ಕುವಾನಾ ಮತ್ತು ಸೆಕಿ ಊರುಗಳ ದ್ವಾರಗಳಾಗುತ್ತವೆ. ಅಲ್ಲಿಗೆ 60 ವರ್ಷ. ಉಳಿದ ಮರ ದೇಶದ ಬೇರೆ ಗುಡಿಗಳಿಗೆ ಹಂಚಿಹೋಗುತ್ತದೆ. ಕಳೆದ ಸಲ ಅದರಲ್ಲಿ ಒಂದಿಷ್ಟು 2011ರ ಸುನಾಮಿಯಲ್ಲಿ ನೊಂದ ಗುಡಿಗಳಿಗೂ ಸೇರಿತು. ಇನ್ನು ಮರ ಬೆಳೆಸುವ ವಿಷಯ: 1923ರಲ್ಲೇ 200 ವರ್ಷದ ಲೆಕ್ಕ ಹಾಕಿ ಮಂದಿರದ ಕಾಡಿನಲ್ಲಿ ಹಿನೊಕಿ ನೆಡಲು ಶುರು ಮಾಡಿದರು.

ಕಂಬ ಯಾವ ಅಳತೆಯದು, ಇಳಿಸಿದ ಮೇಲೆ ಯಾರು ಒಯ್ಯುತ್ತಾರೆ, ಮುಂದಿನ ರೂಪ ಏನು, ಇದೆಲ್ಲ ಕಂಬ ನಿಲ್ಲುವ ಮೊದಲೇ ಗೊತ್ತಿರುತ್ತದೆ. ಒಸಾಕಾದಲ್ಲಿ ಎಡವಿದ್ದು ಇಲ್ಲಿ. ಸಂದುಗಳನ್ನು ಬಿಚ್ಚಬಹುದಾದಂತೆ ಮಾಡಿದರು, ಬಿಚ್ಚಿದ ಮರವನ್ನು ಒಯ್ಯುವವರನ್ನು ಮಾತ್ರ ಆಮೇಲೆ ಹುಡುಕತೊಡಗಿದರು. ಬೋಲ್ಟು ಇತ್ತಾ, ಪೈನ್ ಎಲ್ಲಿಯದು ಅನ್ನುವ ಪ್ರಶ್ನೆಗಳಿಗಿಂತ ಇದೇ ಮುಖ್ಯ.

ಮುಂದೆ ಏನಾಗಬಹುದು

ಉಂಗುರವನ್ನು ಪೂರ್ತಿ ಉಳಿಸಿ ಅಂತ ಕೂಗು ಎದ್ದಿತ್ತು. ಅದು ಸುಲಭವಿರಲಿಲ್ಲ. ಪರವಾನಗಿ ಸಿಕ್ಕಿದ್ದೇ ತಾತ್ಕಾಲಿಕ ಕಟ್ಟಡಕ್ಕೆ. ಶಾಶ್ವತ ಮಾಡಬೇಕಾದರೆ ಬೆಂಕಿ, ಭೂಕಂಪ, ಬಾಳಿಕೆಯ ನಿಯಮಗಳಿಗೆ ತಕ್ಕಂತೆ ಮತ್ತೆ ಬಲಪಡಿಸಬೇಕು, ವರ್ಷವರ್ಷ ಉಪ್ಪುಗಾಳಿಯಿಂದ ಕಾಪಾಡಬೇಕು. ದ್ವೀಪದ ಇನ್ನೊಂದು ಭಾಗದಲ್ಲಿ 2030ಕ್ಕೆ ಕ್ಯಾಸಿನೊ ಇರುವ ರೆಸಾರ್ಟ್ ಬರಲಿದೆ, ಎಕ್ಸ್‌ಪೋ ಜಾಗಕ್ಕೂ ಬೇರೆ ಯೋಜನೆಗಳಿವೆ. ಕೊನೆಗೆ ಈಶಾನ್ಯ ಭಾಗದ 200 ಮೀಟರ್ ಉಳಿಸಿ, ಸುತ್ತ ಉದ್ಯಾನ ಮಾಡುವ ದಾರಿ ಹಿಡಿದರು.

ಬಿಚ್ಚಿದ ಮರದಲ್ಲಿ ಒಂದು ಪಾಲು ನೋಟೊ ಪರ್ಯಾಯದ್ವೀಪದ ಸುಝು ನಗರಕ್ಕೆ ಹೋಗಲಿದೆ. 2024ರ ಜನವರಿ 1ರ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಅಲ್ಲಿ ಕಟ್ಟುವ ಮನೆಗಳಲ್ಲಿ ಅದನ್ನು ಬಳಸುವ ಯೋಜನೆ. ಒಳ್ಳೆಯ ಸುದ್ದಿ, ಆದರೆ 27,000 ಘನ ಮೀಟರಿನ ಮುಂದೆ ಸಣ್ಣದು.

ಉಳಿದ ಮರಕ್ಕೆ ದೊಡ್ಡ ಅಡ್ಡಿ ಅಳತೆ ಮತ್ತು ಕಾಗದ. 42 ಸೆಂಟಿಮೀಟರ್ ಕಂಬ ಸಾಮಾನ್ಯ ಮನೆಗೆ ಬೇಡ, ಜಪಾನಿನ ಮನೆಗಳಲ್ಲಿ 10.5 ಅಥವಾ 12 ಸೆಂಟಿಮೀಟರಿನದು ಸಾಕು. ಸೀಳಿ ಸಣ್ಣದು ಮಾಡೋಣ ಅಂದರೆ ನಡುವೆ ತೂತುಗಳಿವೆ, ಉಕ್ಕು ಕೂತ ಗುರುತುಗಳಿವೆ. ಹೊಸ ಗ್ಲೂಲ್ಯಾಮ್‌ಗೆ ಕಾರ್ಖಾನೆಯ ಬಲದ ಮುದ್ರೆ ಇರುತ್ತದೆ. ಒಮ್ಮೆ ಕೊರೆದು, ಬಿಸಿಲು ಮಳೆ ಕಂಡು, ಮತ್ತೆ ಸೀಳಿದ ತುಂಡಿಗೆ ಆ ಮುದ್ರೆಯನ್ನೇ ನೆಚ್ಚಿಕೊಳ್ಳಲು ಬರುವುದಿಲ್ಲ, ಬಲವನ್ನು ಹೊಸದಾಗಿ ಪರೀಕ್ಷಿಸಬೇಕು. ಪರೀಕ್ಷೆ, ಸಾಗಾಟ, ಗೋದಾಮಿನ ಬಾಡಿಗೆ ಸೇರಿದರೆ ಹಳೇ ಮರ ಹೊಸದಕ್ಕಿಂತ ತುಟ್ಟಿಯಾಗುತ್ತದೆ. ಆಗ ಗುತ್ತಿಗೆದಾರನಿಗೆ ಪುಡಿ ಮಾಡುವ ಯಂತ್ರವೇ ಅಗ್ಗದ ದಾರಿ. ಬಿಚ್ಚಿದ ಮರಕ್ಕೆ ಬಲದ ಮುದ್ರೆ ಒತ್ತುವ ಸುಲಭದ ವ್ಯವಸ್ಥೆ ಬಾರದೆ, ಮುಂದಿನ ದೊಡ್ಡ ಮರದ ಕಟ್ಟಡದ ಟೆಂಡರಿನಲ್ಲೇ ಎರಡನೇ ಬಳಕೆಯ ಷರತ್ತು ಹಾಕದೆ ಈ ಲೆಕ್ಕ ಬದಲಾಗುವುದಿಲ್ಲ.